ಡಬಲ್ ಬೆಲ್ ಅಕ್ಕ

ಮದುವೆಗಳಿಗೆ ಹೋಗುವುದನ್ನು ನಾನು ಬಿಟ್ಟು ನಾಲ್ಕು ವರ್ಷವಾಯಿತು. ಪತ್ರಿಕೆ ಬಂದರೆ ಹೆಂಡತಿಯನ್ನು ಕಳಿಸುತ್ತೇನೆ. ಮಹಾರಾಷ್ಟ್ರದ ಈ ಕಡೆಯ ಮದುವೆಗಳನ್ನು ಕಂಡರೆ ನನಗೆ ಹೇಸಿಗೆ. ಹನ್ನೆರಡೂವರೆಗೆ ಮುಹೂರ್ತ ಎಂದು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸಿ ಮೂರು ಗಂಟೆಗೆ ಅಕ್ಷತೆಯ ಅಕ್ಕಿಕಾಳು ಹಾಕುತ್ತಾರೆ. ನಡುವಿನ ಎರಡೂವರೆ ತಾಸು ಮೈಕಿನಲ್ಲಿ ಹೆಸರು ಕೂಗುವುದೇ ಕೂಗುವುದು. ಇಂಥ ಊರಿನ ಮಾಜಿ ಸರಪಂಚರು ಸ್ಟೇಜಿಗೆ ಬರಬೇಕು, ಇಂಥ ಸೊಸೈಟಿಯ ಚೇರ್ಮನ್ನರು ಬರಬೇಕು, ಅವರಿಗೊಂದು ಟವೆಲ್ಲು, ಒಂದು ಟೋಪಿ, ಒಂದು ತೆಂಗಿನಕಾಯಿ. ಮದುಮಕ್ಕಳು ಹಿಂದೆ ಬಟ್ಟೆಯಂಗಡಿಯ ಗೊಂಬೆಗಳ ಹಾಗೆ ಕೂತಿರುತ್ತಾರೆ. ಊಟದ ಕಡೆ ಹೋದರೆ ಅರ್ಧ ಕಚ್ಚಿ ಬಿಸಾಡಿದ ಜಿಲೇಬಿ, ಕೈ ತೊಳೆಯುವಲ್ಲಿ ಪಾದ ಮುಳುಗುವಷ್ಟು ಎಂಜಲು ನೀರು, ಆ ನೀರಿನಲ್ಲೇ ನಿಂತು ಮತ್ತೊಂದು ತಾಟಿಗೆ ಕೈ ಚಾಚುವ ಜನ. ಇದನ್ನು ನೋಡಿ ಮೂಗು ಮುಚ್ಚಿಕೊಳ್ಳುವ ನಾನೇನು ಸಾಚಾ ಅಲ್ಲ. ನಾನೂ ಇಂಥದೇ ಒಂದು ಮದುವೆ ಮಾಡಿದವನು. ಅದನ್ನು ಹೇಳಬೇಕೆಂದರೆ ಮೊದಲು ಅಕ್ಕನ ವಿಷಯ ಹೇಳಬೇಕು.

ಅಕ್ಕ ಹೋದ ತಿಂಗಳು ಸಂಭಾಜಿನಗರದಲ್ಲಿ ತೀರಿಕೊಂಡರು. ಇಪ್ಪತ್ತೈದು ವರ್ಷ ಇಲ್ಲಿನ ಸರಕಾರಿ ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬೀದರ್ ಜಿಲ್ಲೆಯ ಔರಾದ್ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣುಮಗಳು. ಅದೇ ಡಿಪೋದ ವರ್ಕ್‌ಶಾಪಿನಲ್ಲಿ ಗಂಡ ಮೆಕ್ಯಾನಿಕ್. ಮಕ್ಕಳಿರಲಿಲ್ಲ. ಕುಳ್ಳು, ಅಗಲ ಪಾದ, ಕೂಗಿ ಕೂಗಿ ಒಡೆದ ದನಿ. ಗಡಿಯಾರವನ್ನು ಮುಂಗೈಯ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಬೆಳಿಗ್ಗೆ ಹಲ್ಲಿಗೆ ಮಿಶ್ರಿ ತಿಕ್ಕುತ್ತಿದ್ದರು. ಸುಟ್ಟ ತಂಬಾಕಿನ ಆ ಕರೀ ಪುಡಿಯನ್ನು ಬೆರಳಿನಿಂದ ಒಸಡಿಗೆ ಉಜ್ಜುತ್ತಲೇ ಮಾತಾಡತೊಡಗಿದರೆ ನಾನು ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ನಾನು ಬ್ಯಾಂಕಿನವನು, ಇಸ್ತ್ರಿ ಮುರಿಯದ ಅಂಗಿಯವನು. ಹೆಂಡತಿಯ ಮುಂದೆ, ಈ ಹೆಂಗಸು ಒಳ್ಳೆಯವಳೇ, ಆದರೆ ಸ್ವಲ್ಪ ದೂರ ಕೂತು ಮಾತಾಡಬಾರದೇ ಎಂದಿದ್ದೆ.

ಕಲಬುರಗಿಯಿಂದ ವರ್ಗವಾಗಿ ಬಂದ ಹೊಸದರಲ್ಲಿ ನನಗೆ ಕನ್ನಡ ಎಂಬ ಹೆಸರಿನ ತಾಲೂಕು ಊರಿನ ಶಾಖೆ ಸಿಕ್ಕಿತ್ತು. ದಿನಾ ಸಂಭಾಜಿನಗರದಿಂದ ಬಸ್ಸಿನಲ್ಲಿ ಹೋಗಿ ಬರುವುದು. ಒಂದು ದಿನ ಫೋನಿನಲ್ಲಿ ತಮ್ಮನ ಜೊತೆ ಜಗಳವಾಡುತ್ತಿದ್ದೆ. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ನಿಂತು ಪೂರ್ತಿ ಕೇಳಿಸಿಕೊಂಡು, ತಮ್ಮನ ಮಾತಿನಲ್ಲಿ ತಪ್ಪಿಲ್ಲ ಎಂದು ನಮ್ಮ ಕನ್ನಡದಲ್ಲೇ ತೀರ್ಪು ಕೊಟ್ಟರು. ಆಮೇಲೆ ಚಿಲ್ಲರೆ ಕೊಟ್ಟರು. ಅಲ್ಲಿಂದ ಅವರಿಗೆ ನಾನು ಅಣ್ಣಾರ, ನನ್ನ ಹೆಂಡತಿ ವೈನಿ, ಅಂದರೆ ಅತ್ತಿಗೆ. ಅವರು ನನಗೂ ಅಕ್ಕ, ಸಂಭಾಜಿನಗರದಲ್ಲಿದ್ದ ಕನ್ನಡ ಮಾತಿನ ಮನೆಗಳಿಗೆಲ್ಲ ಅಕ್ಕ.

ಆ ಮನೆಗಳಲ್ಲಿ ಮದುವೆ ಎದ್ದರೆ ಮೊದಲ ಫೋನು ಅಕ್ಕನಿಗೆ. ಕರ್ನಾಟಕದಲ್ಲಾದರೆ ಓಣಿಗೊಬ್ಬ ಹಿರಿಯ ಇರುತ್ತಾನೆ, ಯಾರಿಗೆ ಎಲ್ಲಿ ಮಲಗಲು ಜಾಗ, ಯಾರಿಗೆ ಸಕ್ಕರೆ ಇಲ್ಲದ ಚಹಾ ಎಂದು ಬಲ್ಲವನು. ಪರವೂರಿನಲ್ಲಿ ವರ್ಗದ ಮೇಲೆ ಬಂದವರಿಗೆ ಅಂಥವರೆಲ್ಲಿ? ಅಕ್ಕ ರಜೆ ಹಾಕಿ ಒಂದು ದಿನ ಮುಂಚೆ ಬರುತ್ತಿದ್ದರು. ಬಂದವರೇ ಮದುವೆ ಹಾಲ್‌ನ ಸುತ್ತ ಒಂದು ಸುತ್ತು ಹಾಕಿ ಬಾಗಿಲು ಎಷ್ಟು, ಯಾವುದರ ಕೀಲಿ ಯಾರ ಹತ್ತಿರ, ಹೆಂಗಸರ ಪಾಯಖಾನೆಗೆ ಚಿಲಕ ಇದೆಯೋ ಇಲ್ಲವೋ ನೋಡುತ್ತಿದ್ದರು. ಹೂವಿನ ಕಮಾನಿನ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಮರುದಿನದ ವೇಳೆಗಳನ್ನೆಲ್ಲ ಬಾಲ್‌ಪೆನ್ನಿನಿಂದ ಎಡಗೈಯ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದರು. ಮುಹೂರ್ತದ ನಿಮಿಷಕ್ಕೆ ಸ್ಟೀಲಿನ ತಾಟಿಗೆ ಸೌಟಿನಿಂದ ಎರಡು ಏಟು. ಬಸ್ಸಿನಲ್ಲಿ ಒಂದು ಬೆಲ್ಲಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಮದುವೆಯೂ ಹಾಗೇ. ಎರಡನೇ ಏಟು ಬಿದ್ದರೆ ಅಯ್ಯನವರು ಮಂತ್ರ ಶುರು ಮಾಡಲೇಬೇಕು. ಬಾರದವರಿಗಾಗಿ ಕಾಯುವ ರೂಢಿ ಅಕ್ಕನಿಗೆ ಇರಲಿಲ್ಲ.

ಈ ಕಡೆಯ ಮದುವೆಯ ದೊಡ್ಡ ರೋಗ ಮಾನಪಾನ. ಯಾರ ಟವೆಲ್ಲು ಯಾರಿಗಿಂತ ಮೊದಲು ಬಂತು ಎನ್ನುವುದಕ್ಕೆ ಎರಡು ತಲೆಮಾರು ಮಾತು ಬಿಟ್ಟ ಮನೆಗಳಿವೆ. ಸಿಲ್ಲೋಡಿನ ಒಂದು ಮದುವೆಯಲ್ಲಿ ವರನ ಸೋದರಮಾವ ಹೀಗೇ ಮುನಿಸಿಕೊಂಡು ದಿಬ್ಬಣದ ಬಸ್ಸಿನಿಂದ ಇಳಿಯದೆ ಕೂತ. ಐದು ಜನ ಹಿರಿಯರು ಕಾಲು ಹಿಡಿದರೂ ಇಳಿಯಲಿಲ್ಲ. ಅಕ್ಕ ಹೋಗಿ ಅವನ ಕೈಗೆ ಒಂದು ಕೀಲಿ ಕೊಟ್ಟು, ಬಂಗಾರ ಇಟ್ಟ ಕೋಣೆ, ಮನೆಯಲ್ಲಿ ನಂಬುವಂಥವರು ಯಾರೂ ಕಾಣಲಿಲ್ಲ, ನೀವೇ ಕಾಯಬೇಕು ಎಂದರು. ಆ ಮನುಷ್ಯ ಸಂಜೆಯವರೆಗೂ ಆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು, ಮೀಸೆ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಊಟವನ್ನೂ ಅಲ್ಲಿಗೇ ತರಿಸಿಕೊಂಡ. ಕೋಣೆಯಲ್ಲಿದ್ದದ್ದು ಹರಿದ ಗಾದಿ ಮತ್ತು ನಾಲ್ಕು ಪ್ಲಾಸ್ಟಿಕ್ ಬಕೆಟ್ಟು.

ದೌಲತಾಬಾದಿನ ಹತ್ತಿರ ಒಂದು ಲಾನ್‌ನಲ್ಲಿ ಕೇಟರಿಂಗಿನವನು ಹಿಂದಿನ ದಿನದ ಬಾಸುಂದಿಯನ್ನು ಹೊಸ ಪಾತೆಲೆಗೆ ಸುರಿದು, ಮೇಲೆ ಪಿಸ್ತಾ ಉದುರಿಸಿ ತಂದಿದ್ದ. ಅಕ್ಕ ಮುಚ್ಚಳ ತೆಗೆದು ಮೂಸಿದರು. ಯಾರನ್ನೂ ಕೇಳಲಿಲ್ಲ. ಅಡುಗೆಯವರಿಬ್ಬರನ್ನು ಕರೆದು ಪಾತೆಲೆಯನ್ನು ಹಾಗೇ ಗಟಾರಕ್ಕೆ ಬಗ್ಗಿಸಿದರು. ನೊರೆ ಕಟ್ಟಿದ ಆ ಹುಳಿ ಹಾಲಿನ ನಾತ ನನಗೆ ಇನ್ನೂ ನೆನಪಿದೆ. ಹೆಣ್ಣಿನ ತಂದೆ ಮರ್ಯಾದೆ ಹೋಯಿತೆಂದು ಬಡಿದುಕೊಂಡ. “ಸಿಹಿ ಇರ್ಲಿಲ್ಲ ಅಂತ ಮಂದಿ ನಾಕ್ ದಿನ ಮಾತಾಡ್ತಾರ್ರಿ. ಹೊಟ್ಟಿ ಕೆಟ್ಟು ದವಾಖಾನಿ ಸೇರಿದ್ರ ಹತ್ತ ವರ್ಷ ಮಾತಾಡ್ತಾರ,” ಎಂದು ಹೇಳಿ ಅಕ್ಕ ಬೆಲ್ಲದ ಶಿರಾ ಹಚ್ಚಿಸಿದರು.

ಮದುಮಗಳ ಊಟದ ವಿಷಯದಲ್ಲಿ ಮಾತ್ರ ಅಕ್ಕ ರಾಕ್ಷಸಿ. ನಮ್ಮ ಎಷ್ಟೋ ಮನೆಗಳಲ್ಲಿ ಅಕ್ಕಿಕಾಳು ಬೀಳುವ ತನಕ ಹುಡುಗಿ ಬಾಯಿಗೆ ಏನೂ ಹಾಕಬಾರದು. ಆಮೇಲೆ ಫೋಟೋ, ಆಮೇಲೆ ಕಾಲಿಗೆ ಬೀಳುವುದು. ಸಾವಿರ ಜನ ಉಂಡು ತೇಗಿ ಎಲೆಯಡಿಕೆ ಉಗುಳುವಾಗ ಯಾರ ಹೆಸರಿನಲ್ಲಿ ಊಟವೋ ಅವಳು ಒಣ ಬಾಯಲ್ಲಿ ನಗುತ್ತಿರುತ್ತಾಳೆ. ಅಕ್ಕ ಇದನ್ನು ಒಪ್ಪುತ್ತಿರಲಿಲ್ಲ. ಸೆರಗಿನ ಮರೆಯಲ್ಲಿ ಉಪ್ಪಿಟ್ಟಿನ ಬಟ್ಟಲು ಮುಚ್ಚಿಕೊಂಡು ಹೋಗಿ, ಒಳಗಿನಿಂದ ಚಿಲಕ ಹಾಕಿ, ತಾವೇ ತಿನ್ನಿಸಿ ಬರುತ್ತಿದ್ದರು. ತಾವು ಉಣ್ಣುತ್ತಿದ್ದುದು ಎಲ್ಲರಿಗಿಂತ ಕೊನೆಗೆ, ಒಲೆಯ ಹತ್ತಿರ ನಿಂತುಕೊಂಡು.

ಈಗ ನನ್ನ ಮನೆಯ ಮದುವೆ. ಅಷ್ಟರಲ್ಲಿ ನನಗೆ ನಾಸಿಕಕ್ಕೆ ವರ್ಗವಾಗಿತ್ತು, ಮದುವೆಯೂ ಅಲ್ಲೇ. ನನಗೆ ಒಬ್ಬಳೇ ಮಗಳು. ಹನ್ನೊಂದನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು, ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕು. ಬೆಳಗಿನ ಇಂಜೆಕ್ಷನ್ ಹಾಕಿದ ಮೇಲೆ ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ ಆಗಲೇಬೇಕು. ತಡವಾದರೆ ರಕ್ತದಲ್ಲಿ ಸಕ್ಕರೆ ಇಳಿದು ಹೋಗುತ್ತದೆ. ಮೊದಲು ಬೆವರು, ಆಮೇಲೆ ನಡುಕ, ಆಮೇಲೆ ಕರೆದರೆ ಓಗೊಡುವುದಿಲ್ಲ. ಹಾಗೇ ಬಿಟ್ಟರೆ ಜೀವಕ್ಕೆ ಅಪಾಯ. ಅವಳ ಶಾಲೆಯ ದಿನಗಳಲ್ಲಿ ಎಷ್ಟು ಸಲ ನಾನೇ ಅವಳ ಬಾಯಿಗೆ ಸಕ್ಕರೆ ಹಾಕಿದ್ದೇನೆ. ಆ ಬೆವರಿನ ಗುರುತು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಓದುವವರು ಈ ಮಾತು ನೆನಪಿಡಬೇಕು.

ಬೀಗರೂ ನಾಸಿಕದವರೇ. ಬೀದರ್ ಮೂಲದ, ಮೂರು ತಲೆಮಾರಿನಿಂದ ಹಾರ್ಡ್‌ವೇರ್ ಅಂಗಡಿ ಇಟ್ಟ ಸಜ್ಜನರು. ಮಗಳ ಕಾಯಿಲೆ ತಿಳಿದೇ ಒಪ್ಪಿದ್ದರು. ಟವೆಲ್ಲು, ಟೋಪಿ, ದೊಡ್ಡವರು, ಯಾವುದನ್ನೂ ಅವರು ಕೇಳಲಿಲ್ಲ. ಕೇಳಿದ್ದು ನನ್ನ ಸೊಕ್ಕು. ಹೆಚ್ಚುಕಡಿಮೆ ಇಡೀ ನೌಕರಿ ಮಹಾರಾಷ್ಟ್ರದಲ್ಲಿ ಕಳೆದಿದ್ದೆ, ಆದರೂ ನಾನು ಎಲ್ಲರ ಬಾಯಲ್ಲಿ ಕರ್ನಾಟಕದಿಂದ ಬಂದ ಮ್ಯಾನೇಜರ್. ನನಗೂ ಇಲ್ಲಿ ತೂಕ ಇದೆ ಎಂದು ಬೀಗರಿಗೆ ತೋರಿಸಬೇಕಿತ್ತು. ಬ್ಯಾಂಕಿನ ಸಮಾರಂಭಗಳಲ್ಲಿ ಎರಡು ಸಲ ನನ್ನ ಕೈಯಿಂದ ಹಾರ ಹಾಕಿಸಿಕೊಂಡಿದ್ದ ಒಬ್ಬ ಪುಢಾರಿ ಇದ್ದರು, ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಅವರ ಮನೆಗೆ ನಾಲ್ಕು ಸಲ ಅಲೆದು, ಬಂದು ಅಕ್ಕಿಕಾಳು ಹಾಕುತ್ತೇನೆ ಎಂಬ ಮಾತು ತೆಗೆದುಕೊಂಡೆ. ನನ್ನ ಊರಿನಲ್ಲಿ ಇಂಥವರನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದವನು ನಾನು.

ಒಂದು ಇವೆಂಟ್ ಕಂಪನಿಯನ್ನೂ ಹಿಡಿದಿದ್ದೆ. ಕಿವಿಗೆ ವೈರು ಸಿಕ್ಕಿಸಿಕೊಂಡ ಆ ತಂಡ ಮದುಮಗಳು ಹೊಗೆಯೊಳಗಿಂದ ಎಷ್ಟು ಹೆಜ್ಜೆ ಇಟ್ಟು ಬರಬೇಕು ಎಂಬುದನ್ನು ಎರಡು ಸಲ ತಾಲೀಮು ಮಾಡಿಸಿತು. ಅವಳು ಎಷ್ಟು ಹೊತ್ತಿಗೆ ಉಣ್ಣುತ್ತಾಳೆ ಎಂದು ಕೇಳಲಿಲ್ಲ. ಅದನ್ನು ಬರೆದುಕೊಂಡದ್ದು ಅಕ್ಕನ ಅಂಗೈ. ಎಂಟಕ್ಕೆ ಸೂಜಿ, ಎಂಟೂವರೆಗೆ ಉಪ್ಪಿಟ್ಟು, ಹನ್ನೆರಡು ಇಪ್ಪತ್ತಕ್ಕೆ ಅಕ್ಕಿಕಾಳು, ಒಂದಕ್ಕೆ ಊಟ. ಸೂಜಿಯೂ ಉಪ್ಪಿಟ್ಟೂ ನಿಮಿಷ ತಪ್ಪದೆ ಆದವು. ಹನ್ನೆರಡು ಇಪ್ಪತ್ತಕ್ಕೆ ಅಕ್ಕ ತಾಟು ಎತ್ತಿಕೊಂಡಾಗ ನಾನು ಅಡ್ಡ ನಿಂತೆ. ಸಾಹೇಬರು ಬರುತ್ತಿದ್ದಾರೆ, ಹತ್ತು ನಿಮಿಷ ಎಂದೆ.

ಸಾಹೇಬರ ಪಿ.ಎ. ಫೋನಿನಲ್ಲಿ ಹನ್ನೆರಡೂವರೆಗೆ ಸಿನ್ನರ್ ದಾಟಿದ್ದೇವೆ ಎಂದ. ಒಂದು ಗಂಟೆಗೂ ಸಿನ್ನರ್ ದಾಟಿದ್ದೇವೆ ಎಂದ. ಒಂದೂವರೆಗೆ ಫೋನು ಎತ್ತಲಿಲ್ಲ. ಅಷ್ಟರಲ್ಲಿ ಅಕ್ಕ ಮೂರು ಸಲ ನನ್ನ ಹತ್ತಿರ ಬಂದರು. ಶುರು ಮಾಡಿಸಿ, ಇಲ್ಲವೇ ಹುಡುಗಿಗೆ ಅಲ್ಲೇ ಉಣ್ಣಲು ಕೊಡುತ್ತೇನೆ ಎಂದರು. ಸಾವಿರ ಜನರ ಮುಂದೆ ಮದುಮಗಳು ಸ್ಟೇಜಿನಲ್ಲಿ ಕೂತು ಬಾಯಿ ಆಡಿಸುವುದು ಚಂದವೇ ಎಂದೆ. ಮಗಳ ಹಣೆಯ ಮೇಲೆ ಬೆವರು ಮೂಡಿತ್ತು. ಇವೆಂಟಿನವರು ಅದನ್ನು ಹತ್ತಿಯಿಂದ ಒತ್ತಿ ಒರೆಸಿ, ಮೇಲೆ ಪೌಡರ್ ಹಚ್ಚಿ, ನಗು ಎಂದು ಹೇಳಿ ಮತ್ತೆ ಕ್ಯಾಮೆರಾ ತಿರುಗಿಸಿದರು. ಅವಳ ಬಳೆಗಳು ತಾವಾಗಿಯೇ ಸದ್ದು ಮಾಡುತ್ತಿದ್ದವು. ನಾನು ಅದನ್ನು ನೋಡಿದೆ. ಗೊತ್ತಾಗಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಗೊತ್ತಾಗಿಯೇ ಗೇಟಿನ ಕಡೆ ಮುಖ ತಿರುಗಿಸಿದೆ, ಇನ್ನು ಐದು ನಿಮಿಷ, ಇನ್ನು ಐದು ನಿಮಿಷ ಎಂದುಕೊಂಡೆ.

ಎರಡಕ್ಕೆ ಅಕ್ಕ ಸ್ಟೀಲಿನ ಲೋಟದಲ್ಲಿ ಸಕ್ಕರೆ ನೀರು ಕಲಸಿಕೊಂಡು ಸ್ಟೇಜಿನ ಮೆಟ್ಟಿಲಿಗೆ ಬಂದರು. ನಾನು ಅವರ ಮುಂಗೈ ಹಿಡಿದೆ. ಸಾಹೇಬರ ಗಾಡಿ ಗೇಟಿಗೆ ಬಂದಿದೆ ಎಂದು ಸುಳ್ಳು ಹೇಳಿದೆ. ಅಕ್ಕ ಗೇಟಿನ ಕಡೆ ನೋಡಲೂ ಇಲ್ಲ.

“ಕೈ ಬಿಡ್ರಿ ಅಣ್ಣಾರ. ನಿಮ್ಮ ಸಾಹೇಬ್ರು ಹಿಂದಿನ ಬಸ್ಸಿಗಿ ಬರ್ತಾರ. ಈ ಹುಡುಗಿಗಿ ಇದೊಂದೇ ಬಸ್ಸದ.”

ಕೈ ಕೊಡವಿಕೊಂಡು ಮೇಲೆ ಹತ್ತಿದರು. ಮಗಳ ಕಣ್ಣು ತೆರೆದೇ ಇತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಅಕ್ಕ ಅವಳ ಗದ್ದ ಎತ್ತಿ, ಬಾಸಿಂಗ ಸರಿಸಿ, ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಿದರು. ಅರ್ಧ ಅವಳ ಸೀರೆಯ ಮೇಲೆ ಚೆಲ್ಲಿತು. ಇವೆಂಟಿನವನೊಬ್ಬ ಸೀರೆ ಸೀರೆ ಎಂದು ಓಡಿ ಬಂದ, ಅಳಿಯ ಅವನನ್ನು ದೂಡಿದ. ಲೋಟ ಖಾಲಿಯಾಗಿ, ಹುಡುಗಿ ಅಕ್ಕನ ಮುಖವನ್ನು ಗುರುತು ಹಿಡಿದು ನೋಡಿದ ಮೇಲೆ ಅಕ್ಕ ಅದೇ ಲೋಟದಿಂದ ಮೈಕಿನ ಕಂಬಕ್ಕೆ ಎರಡು ಸಲ ಬಡಿದರು. ಇಡೀ ಹಾಲ್ ಬೆಚ್ಚಿತು. ಅಯ್ಯನವರು ಮಂತ್ರ ಶುರು ಮಾಡಿದರು. ಎರಡು ಗಂಟೆ ಹದಿನೈದಕ್ಕೆ ಅಕ್ಕಿಕಾಳು ಬಿತ್ತು. ಹುಡುಗಿಗೆ ಏಳಲು ಶಕ್ತಿ ಇರಲಿಲ್ಲವೆಂದು ಅಕ್ಕ ಅಲ್ಲೇ ಸ್ಟೇಜಿನ ಸೋಫಾದ ಮೇಲೆ, ಜನರಿಗೆ ಬೆನ್ನು ಮಾಡಿ ಕೂತು, ಅನ್ನ ತೊವ್ವೆ ಕಲಸಿ ಉಣ್ಣಿಸತೊಡಗಿದರು.

ಆಗ ಬಂದರು ಸಾಹೇಬರು. ಹಿಂದೆ ಹದಿನೈದು ಜನ. ಬಾಯಲ್ಲಿ ಗುಟ್ಕಾ, ಬಿಳೀ ಬಟ್ಟೆ, ಹಿಂದಿನ ಮದುವೆಯ ಹಾರ ಕೊರಳಲ್ಲೇ. ನಾನು ನಡು ಬಗ್ಗಿಸಿ ಓಡಿ ಹೋಗಿ ಸ್ಟೇಜಿನವರೆಗೂ ಕರೆತಂದೆ. ನಾನಿಲ್ಲದೆಯೇ ಮುಗಿಸಿಬಿಟ್ಟಿರಾ ಎಂದು ಅವರು ನಕ್ಕರು. ಆ ನಗುವಿಗೆ ಉತ್ತರ ಕೊಡಬೇಕಿತ್ತು. ಮಗಳ ಜೀವಕ್ಕೆ ಬಂದಿತ್ತು ಸಾಹೇಬ್ ಎಂದಿದ್ದರೆ ಸಾಕಿತ್ತು, ಅವರೂ ಮನುಷ್ಯರೇ. ನಾನು ಹಾಗೆನ್ನಲಿಲ್ಲ. ಮೂರು ಮಾರು ದೂರದಲ್ಲಿ ತುತ್ತು ಕಟ್ಟುತ್ತಿದ್ದ ಅಕ್ಕನ ಕಡೆ ಕೈ ತೋರಿಸಿ ಮರಾಠಿಯಲ್ಲಿ ಹೇಳಿದೆ: ಕೆಲಸಕ್ಕೆಂದು ಕರೆಸಿದ ಹೆಂಗಸು ಸಾಹೇಬ್, ನಮ್ಮ ಮನೆಯವಳಲ್ಲ, ಅಡಾಣಿ, ಓದು ಬರಹವಿಲ್ಲದ ದಡ್ಡಿ, ನಿಮ್ಮ ಯೋಗ್ಯತೆ ಅವಳಿಗೇನು ಗೊತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಮಗಳ ಊಟ ಮುಗಿದದ್ದೇ ಅವಳ ಬಾಯಿ ಒರೆಸಿಸಿ, ಅಂತರಪಟ ಮತ್ತೆ ಹಿಡಿಸಿ, ಸಾಹೇಬರ ಕೈಯಿಂದ ಎರಡನೇ ಸಲ ಅಕ್ಕಿಕಾಳು ಹಾಕಿಸಿದೆ. ಒಮ್ಮೆ ಆದ ಮದುವೆಗೆ ಮತ್ತೆ ಎಂಥ ಮಂತ್ರ ಎಂದು ಅಯ್ಯನವರು ತುಟಿ ಬಿಗಿದರು. ಕಡೆಗೆ ಇವೆಂಟಿನವರು ಮಂಗಳಾಷ್ಟಕದ ರೆಕಾರ್ಡ್ ಹಾಕಿದರು. ಈಗ ನಮ್ಮ ಮನೆಯಲ್ಲಿರುವ ಮದುವೆಯ ವಿಡಿಯೋದಲ್ಲಿ ಸಾಹೇಬರು ಮೊದಲು ಬರುತ್ತಾರೆ, ಅಕ್ಕಿಕಾಳು ಆಮೇಲೆ ಬೀಳುತ್ತದೆ. ಸಕ್ಕರೆ ನೀರು ಇಲ್ಲ. ಅಕ್ಕ ಇಲ್ಲ. ಹಾಗೆ ಕತ್ತರಿಸಲು ಹೇಳಿದವನು ನಾನೇ.

ಅವತ್ತು ಎಲ್ಲರದೂ ಮುಗಿದ ಮೇಲೆ ಅಕ್ಕ ಒಲೆಯ ಹತ್ತಿರ ನಿಂತು ಉಂಡರು. ನನ್ನ ಹೆಂಡತಿಗೆ ಸಂಜೆಯ ಸೂಜಿಯ ಹೊತ್ತು ನೆನಪು ಮಾಡಿ ಸಂಭಾಜಿನಗರದ ಬಸ್ಸು ಹತ್ತಿದರು. ಮುಂದೆಯೂ ಹಬ್ಬಕ್ಕೆ ಫೋನು ಮಾಡುತ್ತಿದ್ದರು. ನಾನು ಎತ್ತಿದರೆ ವೈನಿಗೆ ಕೊಡಿ ಎನ್ನುತ್ತಿದ್ದರು, ಅಷ್ಟೇ. ಬೇರೆ ಏನೂ ಬದಲಾಗಲಿಲ್ಲ. ಅವರಿಗೆ ಕೇಳಿಸಿರಲಿಕ್ಕಿಲ್ಲ, ಆ ಗದ್ದಲದಲ್ಲಿ ಯಾರಿಗೆ ಏನು ಕೇಳುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ನಾಲ್ಕು ವರ್ಷ ಆ ಸಮಾಧಾನದ ಮೇಲೆಯೇ ಚೆನ್ನಾಗಿ ನಿದ್ದೆ ಮಾಡಿದೆ.

ಹೋದ ತಿಂಗಳು ಎದೆನೋವು ಬಂದು ಅಕ್ಕ ಹೋದರು. ಸಂಭಾಜಿನಗರದ ಕನ್ನಡ ಮಂದಿ ಒಂದು ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ನಾಸಿಕದಿಂದ ಮಗಳನ್ನು ಕರೆದುಕೊಂಡು ಹೋದೆ. ಅಕ್ಕ ಕೈಯಾರೆ ಉಣ್ಣಿಸಿದ ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದರು, ಕೆಲವರ ಮಡಿಲಲ್ಲಿ ಮಕ್ಕಳು. ಕಲಿತವರು, ನಾಲ್ಕು ಮಾತು ಆಡಿ ಎಂದು ನನ್ನ ಕೈಗೆ ಮೈಕು ಕೊಟ್ಟರು. ಚೆನ್ನಾಗಿ ಮಾತಾಡಿದೆ. ಅಕ್ಕ ನಮ್ಮ ಮನೆಯವರೇ ಆಗಿದ್ದರು, ಒಡಹುಟ್ಟಿದವರಿಗಿಂತ ಹೆಚ್ಚು ಎಂದೆ. ಒಂದು ಕಡೆ ಮಾತು ನಿಲ್ಲಿಸಿ ಕರ್ಚೀಫು ತೆಗೆದೆ. ಅಕ್ಕನ ಗಂಡ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಗ್ರೀಸು ಹೋಗದ ಆ ಉಗುರುಗಳನ್ನು ನೋಡುತ್ತ ನಿಂತೆ, ಸಭೆ ನನ್ನನ್ನು ಮೆಚ್ಚಿಕೊಂಡಿತೆಂದು ಒಳಗೆ ಸುಖವಾಯಿತು. ಸುಳ್ಳೇಕೆ ಹೇಳಲಿ, ಆಗಿದ್ದು ಸುಖವೇ.

ವಾಪಸು ಬರುವಾಗ ಮಗಳು ಪಕ್ಕದಲ್ಲಿ ಕೂತಿದ್ದಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲಿ. ಕನ್ನಡ ತಿಳಿಯುತ್ತದೆ, ಆಡುವುದು ಕಡಿಮೆ. ನನ್ನ ಜೊತೆ ಯಾವಾಗಲೂ ಮರಾಠಿ. ಅವತ್ತು ವೈಜಾಪುರ ಹತ್ತಿರ ಬಂದಾಗ ಒಂದೊಂದೇ ಪದ ಹುಡುಕಿಕೊಂಡು ಅಕ್ಕನ ಕನ್ನಡದಲ್ಲಿ ಮಾತಾಡಿದಳು.

“ಪಪ್ಪಾ, ಸಾಹೇಬ್ರಿಗಿ ನೀವ್ ಏನ್ ಅಂದ್ರಿ, ನನಗ ಕೇಳ್ಸಿತ್ತು. ಅಕ್ಕಾಗ ಭಿ ಕೇಳ್ಸಿತ್ತು. ನೀವ್ ಅಡಾಣಿ ಅಂದಾಗ ಅವ್ರ ಕೈ ನನ್ನ ಬಾಯಿ ಹತ್ರ ಇತ್ತು. ಸ್ವಲ್ಪ ಭಿ ನಡುಗ್ಲಿಲ್ಲ. ಇನ್ನೊಂದು ತುತ್ತು ತಗೋ ಅಂದ್ರು.”

ನಾನು ಗಾಡಿ ಬದಿಗೆ ನಿಲ್ಲಿಸಿದೆ. ಇಳಿದು ಬೇಲಿಯ ಹತ್ತಿರ ಹೋಗಿ, ಬೆಳಿಗ್ಗೆಯಿಂದ ತಿಂದದ್ದನ್ನೆಲ್ಲ ಕಾರಿಕೊಂಡೆ. ಮಗಳು ನೀರಿನ ಬಾಟಲಿ ತಂದು ಪಕ್ಕದಲ್ಲಿ ಇಟ್ಟಳು, ನನ್ನನ್ನು ಮುಟ್ಟಲಿಲ್ಲ.